ಹಿತ್ತಲಿಗೆ ಬಂದ ‘ನ್ಯೂಟ್’

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 2006ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ಆಮೇಲೆ ಪಿಯುಸಿ, ಬಿಇ, ಬೆಂಗಳೂರು, ಕಂಪ್ಯೂಟರ್ ಕೆಲಸ. ಹಾಗಾಗಿ ಸಮಿತಿಯವರು ಫೋನ್ ಮಾಡಿ ‘ಕಂಪ್ಯೂಟರ್ ಬಗ್ಗೆ ಮಕ್ಕಳಿಗೆ ಹುರುಪು ಬರುವ ಹಾಗೆ ನಾಲ್ಕು ಮಾತಾಡಪ್ಪ’ ಅಂದರು. ನಾಲ್ಕು ಮಾತಿನಲ್ಲಿ ಎರಡು ಕಂಪ್ಯೂಟರಿನದ್ದು. ಉಳಿದ ಎರಡು ನಮ್ಮ ಹಿತ್ತಲಿನದ್ದು. ಎರಡಕ್ಕೂ ಏನು ಸಂಬಂಧ ಅಂತ ಹೇಳುವುದಕ್ಕೇ ಬಂದಿದ್ದೇನೆ.

ಹೋದ ಮುಂಗಾರಿನಲ್ಲಿ ನಮ್ಮ ಹಳೆ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫೋಟೊ ಬಂತು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ತೆಗೆದದ್ದು, ಅವರ ಚಿಕ್ಕಪ್ಪ ಹಾಕಿದ್ದು. ಹಿತ್ತಲಿನ ಸೌದೆ ರಾಶಿಯ ಹತ್ತಿರ ಸಿಕ್ಕ ಜೀವ. ಕಂಚಿನ ಬಣ್ಣ, ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುವ ಮೈ, ಗಿಡ್ಡ ಕಾಲು, ಉದ್ದ ಬಾಲ. ಫೋನಿನಲ್ಲಿ ಯಾವುದೋ ಗುರುತು ಹಿಡಿಯುವ ಆ್ಯಪ್‌ಗೆ ತೋರಿಸಿದರೆ ಅದು ಹೇಳಿದ ಹೆಸರು ‘ನ್ಯೂಟ್’. ಹುಡುಗಿ ಜಾಣೆ. ನ್ಯೂಟ್ ಸಾಕುವುದು ಹೇಗೆ ಅಂತ ಹುಡುಕಿದ್ದಾಳೆ. ನೀರು ಬೇಕು, ತಂಪು ಬೇಕು, ಬಿಸಿಲು ಆಗದು ಅಂತ ಓದಿ, ಬಕೆಟ್ಟಿಗೆ ಅರ್ಧ ನೀರು ತುಂಬಿ ಅದನ್ನು ಅದರೊಳಗೆ ಬಿಟ್ಟು, ಮೇಲೆ ಒಂದು ಮೊರ ಮುಚ್ಚಿ, ಬಚ್ಚಲಿನ ಮೂಲೆಯಲ್ಲಿ ಇಟ್ಟಿದ್ದಾಳೆ. ಕಾಳಜಿಗೆ ಏನೂ ಕೊರತೆ ಇಲ್ಲ.

ಅವಳ ಅಜ್ಜಿ ಮೊರ ಎತ್ತಿ ನೋಡಿ, ‘ಅಯ್ಯೋ, ಅದು ಹಾವ್ರಾಣಿ ಕನ ಕೂಸೆ, ನೀರ್ಗ ಹಾಕುದ್ರ ಸತ್ತೋಯ್ತದ’ ಅಂದು ಬಕೆಟ್ಟನ್ನು ಹಿತ್ತಲಿಗೆ ಬಗ್ಗಿಸಿದರಂತೆ. ಜೀವ ಉಳಿಯಿತು. ಅದರ ಜೊತೆಗೇ ಅಜ್ಜಿ ಇನ್ನೊಂದು ಮಾತೂ ಹೇಳಿದ್ದಾರೆ: ‘ಮುಟ್ಟಿಯೇ ಜೋಕೆ, ಅದು ನೆಕ್ಕುದ್ರೂ ಇಸ.’

ಈಗ ಲೆಕ್ಕ ನೋಡಿ. ಆ್ಯಪ್ ಹೇಳಿದ ಹೆಸರು ತಪ್ಪು. ಅಜ್ಜಿ ಹೇಳಿದ ಹೆಸರು ಸರಿ, ನೀರಿಗೆ ಹಾಕಬಾರದು ಅನ್ನುವುದೂ ಸರಿ, ವಿಷದ ಮಾತು ಮಾತ್ರ ತಪ್ಪು. ಈ ಮೂರನ್ನೂ ಬಿಡಿಸಿ ಹೇಳಬೇಕು ಅನ್ನಿಸಿತು. ಯಾಕೆಂದರೆ ಹೆಸರು ತಪ್ಪಿದರೆ ಆರೈಕೆಯೇ ಕೊಲೆಯಾಗುತ್ತದೆ, ಹೆಸರು ಸರಿಯಿದ್ದೂ ನಂಬಿಕೆ ತಪ್ಪಿದ್ದರೆ ದೊಣ್ಣೆ ಬರುತ್ತದೆ. ನಮ್ಮ ಊರಿನಲ್ಲಿ ಎರಡೂ ಆಗುತ್ತಿದೆ.

ಮೊದಲು ನ್ಯೂಟ್ ಅಂದರೆ ಏನು? ಅದು ಕಪ್ಪೆಯ ದಾಯಾದಿ. ಉಭಯವಾಸಿಗಳಲ್ಲಿ ಮೂರು ಪಂಗಡ. ಬಾಲ ಇಲ್ಲದವು ಕಪ್ಪೆಗಳು. ಕಾಲೇ ಇಲ್ಲದೆ ಎರೆಹುಳುವಿನ ಹಾಗೆ ಮಣ್ಣಿನೊಳಗೆ ಇರುವವು ಸಿಸಿಲಿಯನ್‌ಗಳು, ಇವು ಮಲೆನಾಡಿನ ಒದ್ದೆ ಮಣ್ಣಿನಲ್ಲಿವೆ. ದೊಡ್ಡದಾದ ಮೇಲೂ ಬಾಲ ಇಟ್ಟುಕೊಂಡವು ಸಾಲಮಾಂಡರ್ ಮತ್ತು ನ್ಯೂಟ್‌ಗಳು. ಮೊದಲ ಎರಡು ಪಂಗಡ ಕರ್ನಾಟಕದಲ್ಲಿವೆ, ಮೂರನೆಯದು ಇಲ್ಲ. ಬಂಡೀಪುರದಲ್ಲಿ ಇಲ್ಲ, ಬಿಳಿಗಿರಿರಂಗನ ಬೆಟ್ಟದಲ್ಲಿ ಇಲ್ಲ, ಪಕ್ಕದ ವಯನಾಡಿನಲ್ಲೂ ನೀಲಗಿರಿಯಲ್ಲೂ ಇಲ್ಲ. ಭಾರತದಲ್ಲಿ ಅದನ್ನು ನೋಡಬೇಕೆಂದರೆ ಪೂರ್ವ ಹಿಮಾಲಯದ ಕಡೆಗೆ, ಡಾರ್ಜಿಲಿಂಗ್, ಸಿಕ್ಕಿಂ, ಮಣಿಪುರ, ಅರುಣಾಚಲಕ್ಕೆ ಹೋಗಬೇಕು. ಡಾರ್ಜಿಲಿಂಗ್ ಜಿಲ್ಲೆಯ ಜೋಡಿ ಕೊಳಗಳ ಊರು ಜೋರೆಪೋಖ್ರಿಯಲ್ಲಿ ಅದಕ್ಕೆಂದೇ ಒಂದು ಪುಟ್ಟ ಅಭಯಾರಣ್ಯವಿದೆ. ಮುಂಗಾರಿನಲ್ಲಿ ಅವು ಕೊಳಕ್ಕೆ ಇಳಿದು ಮೊಟ್ಟೆಯಿಡುತ್ತವೆ. ಆ ಬೆಟ್ಟಗಳ ಕೊಳಗಳನ್ನು ಮುಚ್ಚಿ ಮನೆ ಕಟ್ಟಿದಷ್ಟೂ ಅವುಗಳಿಗೆ ಜಾಗ ಕಡಿಮೆಯಾಗುತ್ತಿದೆ.

ನಮ್ಮಲ್ಲಿ ಯಾಕಿಲ್ಲ? ಇದಕ್ಕೆ ಉತ್ತರ ನಮ್ಮ ಸಮಾಜ ವಿಜ್ಞಾನದ ಪುಸ್ತಕದಲ್ಲಿದೆ. ಭಾರತದ ಭೂಭಾಗ ಮೊದಲು ದಕ್ಷಿಣದ ದೊಡ್ಡ ಖಂಡವಾದ ಗೊಂಡ್ವಾನಾಕ್ಕೆ ಸೇರಿತ್ತು. ಅಲ್ಲಿಂದ ಬಿಡಿಸಿಕೊಂಡು, ತೇಲಿ ಬಂದು, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಗುದ್ದಿತು. ಸಾಲಮಾಂಡರ್ ಮತ್ತು ನ್ಯೂಟ್‌ಗಳ ಕುಲ ಉತ್ತರದ ಖಂಡಗಳದ್ದು. ಗುದ್ದಿದ ಮೇಲೆ ಅವು ನಮ್ಮ ದೇಶದ ಈಶಾನ್ಯದ ಅಂಚಿಗಷ್ಟೇ ಬಂದು ನಿಂತವು. ನಾವು ತೇಲಿ ಬರುವಾಗ ಜೊತೆಗೆ ತಂದ ಜೀವಗಳೇ ಬೇರೆ. 2003ರಲ್ಲಿ ಕೇರಳದ ಇಡುಕ್ಕಿಯಿಂದ ವಿವರಿಸಲಾದ ನೇರಳೆ ಬಣ್ಣದ ಒಂದು ಕಪ್ಪೆಯ ಹತ್ತಿರದ ನೆಂಟರು ಇರುವುದು ಹಿಂದೂ ಮಹಾಸಾಗರದ ನಡುವಿನ ಸೇಶೆಲ್ಸ್ ದ್ವೀಪಗಳಲ್ಲಿ! ಭೂಗೋಳದ ಪಾಠ ಕಪ್ಪೆಯ ಮೈಯಲ್ಲಿ ಬರೆದಿರುತ್ತದೆ. ನನಗೆ ಇದು ಹೈಸ್ಕೂಲಿನಲ್ಲಿ ಗೊತ್ತಿದ್ದರೆ ಸಮಾಜ ವಿಜ್ಞಾನದಲ್ಲಿ ಇನ್ನೂ ಹತ್ತು ಅಂಕ ಬರುತ್ತಿತ್ತೇನೋ.

ಇನ್ನು ಆ್ಯಪ್ ಯಾಕೆ ಹಾಗೆ ಹೇಳಿತು ಅನ್ನುವುದು ನನ್ನ ಕಸುಬಿನ ಮಾತು, ಎರಡು ನಿಮಿಷ ಸಹಿಸಿಕೊಳ್ಳಿ. ಇಂಥ ಆ್ಯಪ್‌ಗೆ ಕಣ್ಣಿಲ್ಲ, ಅನುಭವವಿಲ್ಲ. ಅದಕ್ಕೆ ಲಕ್ಷಗಟ್ಟಲೆ ಫೋಟೊ ತೋರಿಸಿ, ಪ್ರತಿಯೊಂದಕ್ಕೂ ಒಂದು ಚೀಟಿ ಅಂಟಿಸಿ, ಇಂಥ ಬಣ್ಣ, ಇಂಥ ಆಕಾರ ಇದ್ದರೆ ಈ ಚೀಟಿ ಅಂತ ರೂಢಿ ಮಾಡಿಸಿರುತ್ತಾರೆ. ನೀವು ಹೊಸ ಫೋಟೊ ಕೊಟ್ಟಾಗ ಅದು ತನ್ನಲ್ಲಿರುವ ಚೀಟಿಗಳಲ್ಲಿ ಯಾವುದು ಹೆಚ್ಚು ಹೊಂದುತ್ತದೋ ಅದನ್ನು ಎತ್ತಿ ಕೊಡುತ್ತದೆ. ಹೊಂದುವ ಚೀಟಿ ಇಲ್ಲದಿದ್ದರೂ ಯಾವುದೋ ಒಂದನ್ನು ಕೊಡುತ್ತದೆ. ‘ನನಗೆ ಗೊತ್ತಿಲ್ಲ’ ಅನ್ನುವುದನ್ನು ಬೇರೆಯಾಗಿ ಕಲಿಸದಿದ್ದರೆ ಅದಕ್ಕೆ ಆ ಮಾತು ಬರುವುದಿಲ್ಲ. ನಮ್ಮ ಕಾಲದಲ್ಲಿ ಮಾರ್ಗದರ್ಶಿ ಪುಸ್ತಕ ಬಾಯಿಪಾಠ ಮಾಡಿ ಬಂದು, ಪ್ರಶ್ನೆ ಏನೇ ಇದ್ದರೂ ಬಂದ ಉತ್ತರವನ್ನೇ ಬರೆದು ಹೋಗುತ್ತಿದ್ದ ಕೆಲವರಿದ್ದರಲ್ಲ, ಹಾಗೆ. ಹೆಸರು ಹೇಳುವುದಿಲ್ಲ, ಇಲ್ಲೇ ಕುಳಿತಿದ್ದಾರೆ.

ಇನ್ನೊಂದು ವಿಷಯ, ಆ ಚೀಟಿ ಅಂಟಿಸಿದ ಫೋಟೊಗಳು ಎಲ್ಲಿಯವು? ಇಂಗ್ಲೆಂಡಿನಲ್ಲಿ ಮನೆಯ ಹಿಂದಿನ ಪುಟ್ಟ ಕೊಳದಲ್ಲಿ ನ್ಯೂಟ್ ಇರುವುದು ಸಾಮಾನ್ಯ ಸಂಗತಿ. ಅಲ್ಲಿಯ ಜನ ಸಾವಿರಾರು ಫೋಟೊ ತೆಗೆದು ಹಾಕಿದ್ದಾರೆ. ಗುಂಡ್ಲುಪೇಟೆಯ ಹಿತ್ತಲಿನ ಹಾವುರಾಣಿಯ ಫೋಟೊ ಎಷ್ಟು ಜನ ಹಾಕಿದ್ದೇವೆ? ಅದರ ಜೊತೆಗೆ ಆ ಹುಡುಗಿಯ ಫೋನಿನಲ್ಲಿ ಲೊಕೇಶನ್ ಆಫ್ ಆಗಿತ್ತು. ಫೋಟೊ ಎಲ್ಲಿಯದು ಅನ್ನುವುದೇ ತಿಳಿಯದಿದ್ದರೆ ಯಂತ್ರ ಇಂಗ್ಲೆಂಡನ್ನೂ ಇಂಗಲವಾಡಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಅಜ್ಜಿ ಹಾಗೆ ಮಾಡುವುದಿಲ್ಲ. ಅವರಿಗೆ ಗೊತ್ತಿರುವ ಪಟ್ಟಿಯೇ ಈ ಊರಿನದ್ದು.

ಮಕ್ಕಳೇ, ಮುಂದಿನ ಸಲ ಫೋನ್ ತೆಗೆಯುವ ಮೊದಲು ನೀವೇ ನೋಡಬಹುದು. ಮುಟ್ಟದೆ, ನಾಲ್ಕು ಹೆಜ್ಜೆ ದೂರದಿಂದ. ಮೈ ಮೇಲೆ ಹುರುಪೆ ಇದೆಯೇ? ಮೀನಿನ ಮೈ ನೆನೆಸಿಕೊಳ್ಳಿ, ಹೆಂಚು ಜೋಡಿಸಿದ ಹಾಗೆ. ಹಾವುರಾಣಿಗೆ ಇದೆ, ಅದಕ್ಕೇ ಅದರ ಮೈ ಹೊಳೆಯುತ್ತದೆ. ಅದು ಒದ್ದೆಯ ಹೊಳಪಲ್ಲ, ಒಣ ಹೊಳಪು. ನ್ಯೂಟಿಗೆ ಹುರುಪೆ ಇಲ್ಲ, ಕಪ್ಪೆಯ ಹಾಗೆ ಬರಿಯ ತೊಗಲು. ಬೆರಳಿನ ತುದಿಯಲ್ಲಿ ಉಗುರು ಇದೆಯೇ? ಹಾವುರಾಣಿಗೆ ಇದೆ, ನ್ಯೂಟಿಗೆ ಇಲ್ಲ. ಕಣ್ಣಿನ ಹಿಂದೆ ಕಿವಿಯ ತೂತು ಇದೆಯೇ? ಹಾವುರಾಣಿಗೆ ಇದೆ, ನ್ಯೂಟಿಗೆ ಇಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದ ಗುರುತು ಬೆರಳಿನ ಲೆಕ್ಕ. ಮುಂಗಾಲಿನಲ್ಲಿ ಹಾವುರಾಣಿಗೆ ಐದು ಬೆರಳು, ನ್ಯೂಟುಗಳಿಗೆ ಸಾಮಾನ್ಯವಾಗಿ ನಾಲ್ಕು. ಫೋಟೊ ದೊಡ್ಡದು ಮಾಡಿ ಎಣಿಸಿದರೆ ಸಾಕು. ಆ ಫೋಟೊದಲ್ಲಿ ನಾನು ಎಣಿಸಿದೆ, ಐದೇ ಇತ್ತು.

ಒಂದು ಕಡೆ ಮಾತ್ರ ಈ ಲೆಕ್ಕ ನಿಮ್ಮನ್ನು ಗೊಂದಲಕ್ಕೆ ಹಾಕಬಹುದು. ಮಳೆ ಬಿದ್ದು ಕೆರೆಯ ಅಂಚಿನಲ್ಲಿ ನೀರು ನಿಂತಾಗ, ನಾಲ್ಕು ಕಾಲೂ ಬಾಲವೂ ಇರುವ, ಮುಂಗಾಲಿನಲ್ಲಿ ನಾಲ್ಕೇ ಬೆರಳಿರುವ, ಹುರುಪೆ ಇಲ್ಲದ ಜೀವ ಸಿಗುತ್ತದೆ. ಥೇಟ್ ನ್ಯೂಟ್! ಅದು ಕಪ್ಪೆಯಾಗುತ್ತಿರುವ ಗೊದಮೊಟ್ಟೆ. ಕೆಲವು ದಿನಗಳಲ್ಲಿ ಅದರ ಬಾಲ ಕರಗಿ ಮೈಗೆ ಸೇರಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ಹತ್ತಿ ಕೂರಲು ಒಣ ಜಾಗ ಬೇಕು. ಬಾಟಲಿಯಲ್ಲಿ ತುಂಬಿ ಮನೆಗೆ ತಂದರೆ ಮುಳುಗಿ ಸಾಯುತ್ತದೆ. ಕಪ್ಪೆ ನೀರಿನಲ್ಲಿ ಮುಳುಗಿ ಸಾಯುವುದೇ ಅಂತ ನಗಬೇಡಿ. ಕಿವಿರು ಹೋಗಿ ಶ್ವಾಸಕೋಶ ಬಂದ ಮೇಲೆ ಅದಕ್ಕೂ ಗಾಳಿ ಬೇಕು.

ಈಗ ಹಾವುರಾಣಿಯ ಕಡೆ ಬರೋಣ. ನಮ್ಮ ಹಿತ್ತಲಿನಲ್ಲಿ ಹೆಚ್ಚಾಗಿ ಕಾಣುವುದು ದೊಡ್ಡ ಜಾತಿಯದು. ವಿಜ್ಞಾನಿಗಳು ಯೂಟ್ರೋಪಿಸ್ ಕ್ಯಾರಿನೇಟ ಅನ್ನುತ್ತಾರೆ. ಕಂದು ಬೆನ್ನು, ಕಣ್ಣಿನಿಂದ ಬಾಲದ ಕಡೆಗೆ ಎರಡೂ ಪಕ್ಕದಲ್ಲಿ ತಿಳಿ ಹಳದಿ ಗೆರೆ. ಜೊತೆಗಾತಿಯನ್ನು ಹುಡುಕುವ ಕಾಲಕ್ಕೆ ಗಂಡಿನ ಪಕ್ಕೆ ಕೆಂಪೇರುತ್ತದೆ. ಆಗ ಜನ ಇನ್ನಷ್ಟು ಹೆದರುತ್ತಾರೆ. ಇನ್ನೊಂದು ಸಣ್ಣ ಜಾತಿ ಇದೆ. ಮೈ ಸಣ್ಣ ಕೋಲಿನ ಹಾಗೆ, ಕಾಲು ಇದ್ದೂ ಇಲ್ಲದ ಹಾಗೆ, ಚುಕ್ಕೆ ಸಾಲುಗಳು, ಮರಿಯಾಗಿದ್ದಾಗ ಬಾಲ ಕೆಂಪು. ತಿಪ್ಪೆ ಅಗೆಯುವಾಗ ಅದು ಹೊರಗೆ ಬಂದರೆ ‘ಹಾವಿನ ಮರಿ’ ಅಂತ ಗುದ್ದಲಿ ಬೀಳುತ್ತದೆ.

ಅದು ತಿನ್ನುವುದು ಏನು? ಜಿರಲೆ, ಮಿಡತೆ, ಸಣ್ಣ ದುಂಬಿ, ಕಂಬಳಿಹುಳು, ಎರೆಹುಳು. ಟೊಮೆಟೊ, ಬೀನ್ಸ್ ಬೆಳೆಯುವ ನಮ್ಮವರಿಗೆ ಇದು ದಿನಗೂಲಿ ಕೇಳದ ಆಳು. ಬೆಳಿಗ್ಗೆ ಬಿಸಿಲಿಗೆ ಮೈ ಕಾಯಿಸಿಕೊಂಡರೇ ಅದಕ್ಕೆ ಓಡುವ ಶಕ್ತಿ. ತಣ್ಣಗಿನ ನೀರಿನ ಬಕೆಟ್ಟಿನಲ್ಲಿ, ಕತ್ತಲೆಯಲ್ಲಿ, ಮೊರದ ಕೆಳಗೆ ಅದಕ್ಕೆ ಬೇಕಾದ ಯಾವುದೂ ಇರಲಿಲ್ಲ ಅನ್ನುವುದು ಈಗ ನಿಮಗೆ ಗೊತ್ತಾಗುತ್ತದೆ.

ವಿಷದ ಮಾತು. ಹಾವುರಾಣಿಗೆ ವಿಷದ ಹಲ್ಲಿಲ್ಲ, ವಿಷದ ಚೀಲವಿಲ್ಲ. ಕೈಯಲ್ಲಿ ಹಿಡಿದರೆ ಹೆದರಿ ಕಚ್ಚಬಹುದು, ಇರುವೆ ಕಚ್ಚಿದಷ್ಟು. ನೆಕ್ಕಿದರೆ ಏನೂ ಆಗುವುದಿಲ್ಲ. ಹಾಗಾದರೆ ನಂಬಿಕೆ ಎಲ್ಲಿಂದ ಬಂತು? ಒಂದು, ಹೆಸರಿನಲ್ಲೇ ಹಾವು ಇದೆ. ಎರಡು, ಮೈಯ ಹೊಳಪು ಮತ್ತು ಸರ‍್ರನೆ ಹರಿಯುವ ಓಟ ಹಾವಿನದ್ದೇ. ಮೂರನೆಯದು ತಮಾಷೆಯದ್ದು. ಗಡಿಯಾಚೆ ತಮಿಳಿನಲ್ಲಿ ಇದಕ್ಕೆ ಅರಣೈ ಅನ್ನುತ್ತಾರೆ, ಅದು ನೆಕ್ಕಿದರೆ ಮರಣ ಅಂತ ಗಾದೆ ಇದೆ. ಅರಣೈಗೆ ಮರಣ ಪ್ರಾಸವಾಗಿ ಸಿಕ್ಕಿತು, ಪಾಪ ಪ್ರಾಣಿಗೆ ಅದೇ ಮುಳುವಾಯಿತು ಅಂತ ನನ್ನ ಗುಮಾನಿ.

ಇಲ್ಲಿ ಆ್ಯಪ್ ಮಾಡುವ ಎರಡನೇ ಅನಾಹುತ ನೋಡಿ. ನ್ಯೂಟ್ ಅಂತ ಹೆಸರು ಬಂದ ಕೂಡಲೇ ‘ನ್ಯೂಟ್‌ಗೆ ವಿಷ ಇದೆಯೇ’ ಅಂತ ಹುಡುಕಿದರೆ, ಇದೆ ಅಂತಲೇ ಉತ್ತರ ಬರುತ್ತದೆ. ಅದು ಸುಳ್ಳೂ ಅಲ್ಲ. ಅಮೆರಿಕದ ಪಶ್ಚಿಮ ಕರಾವಳಿಯ ಒಂದು ಜಾತಿಯ ನ್ಯೂಟಿನ ಚರ್ಮದಲ್ಲಿ ಟೆಟ್ರೊಡೊಟಾಕ್ಸಿನ್ ಅನ್ನುವ ಘೋರ ವಿಷವಿದೆ, ಅದನ್ನು ನುಂಗಿದರೆ ಮನುಷ್ಯ ಉಳಿಯುವುದು ಕಷ್ಟ. ಸಾವಿರಾರು ಮೈಲಿ ಆಚೆಯ ಆ ವಿಷ, ಒಂದು ತಪ್ಪು ಚೀಟಿಯ ಮೂಲಕ ನಮ್ಮ ಹಿತ್ತಲಿನ ಹಾವುರಾಣಿಯ ತಲೆಗೆ ಬಂದು ಕೂರುತ್ತದೆ. ಅಜ್ಜಿಯ ಹಳೆಯ ಭಯಕ್ಕೆ ಫೋನಿನ ಹೊಸ ಸಾಕ್ಷಿ. ಆಮೇಲೆ ದೊಣ್ಣೆ ಹಿಡಿಯುವವನನ್ನು ತಡೆಯುವವರು ಯಾರು?

ಹಾಗಂತ ಹೊಳೆಯುವುದನ್ನೆಲ್ಲ ಕೈಯಲ್ಲಿ ಹಿಡಿಯಿರಿ ಅಂತ ನಾನು ಹೇಳುತ್ತಿಲ್ಲ. ಕಾಲು ಕಾಣದಿದ್ದರೆ ಅದು ಹಾವು ಅಂದುಕೊಂಡೇ ಹಿಂದೆ ಸರಿಯಿರಿ. ನಾಗರ, ಕೊಳಕುಮಂಡಲ, ಕಟ್ಟುಹಾವು ಎಲ್ಲವೂ ನಮ್ಮ ಹೊಲಗಳಲ್ಲಿವೆ. ಹಾವು ಕಚ್ಚಿದರೆ ನೇರವಾಗಿ ತಾಲ್ಲೂಕು ಆಸ್ಪತ್ರೆ. ನಾಟಿ ಔಷಧಿಯೂ ಬೇಡ, ಬ್ಲೇಡಿನಲ್ಲಿ ಕೊಯ್ಯುವುದೂ ಬೇಡ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು ಅಂತ ನಮ್ಮ ಸರ್ಕಾರ 2024ರಲ್ಲಿ ಆದೇಶ ಮಾಡಿದೆ, ಅಂದರೆ ಸಮಸ್ಯೆ ಎಷ್ಟು ದೊಡ್ಡದು ಅಂತ ತಿಳಿಯಿರಿ.

ಬಾಲದ ಬಗ್ಗೆ ಒಂದು ಮಾತು. ಬಾಲ ಹಿಡಿದು ಎಳೆದರೆ ಹಾವುರಾಣಿ ಬಾಲವನ್ನು ಕಳಚಿ ಓಡುತ್ತದೆ. ಬಾಲ ಬಿದ್ದಲ್ಲೇ ಕುಣಿಯುತ್ತದೆ, ಹುಡುಗರಿಗೆ ಮಜಾ. ಅದು ಮತ್ತೆ ಬೆಳೆಯುತ್ತದೆ ನಿಜ. ಆದರೆ ಹೊಸ ಬಾಲದಲ್ಲಿ ಮೂಳೆ ಇರುವುದಿಲ್ಲ, ಮೃದ್ವಸ್ಥಿಯ ಒಂದು ಕಡ್ಡಿ ಇರುತ್ತದೆ. ಬಾಲದಲ್ಲಿ ಕೂಡಿಟ್ಟ ಕೊಬ್ಬು ಹೋಯಿತು, ಮುಂದಿನ ಸಲ ಬೆಕ್ಕು ಬಂದಾಗ ಬಿಟ್ಟುಕೊಡಲು ಏನೂ ಇಲ್ಲ. ಈ ವಿಷಯದಲ್ಲಿ ನ್ಯೂಟ್ ನಿಜವಾದ ಪವಾಡ ಪುರುಷ. ಅದು ಕಾಲು ಹೋದರೆ ಮೂಳೆ ಸಮೇತ ಕಾಲನ್ನೇ ಬೆಳೆಸಿಕೊಳ್ಳುತ್ತದೆ, ಕಣ್ಣಿನ ಮಸೂರ ಹೋದರೆ ಅದನ್ನೂ. ವೈದ್ಯ ವಿಜ್ಞಾನಿಗಳು ಅದರ ಹಿಂದೆ ಬಿದ್ದಿರುವುದು ಅದಕ್ಕೇ.

ಹಾಗಾದರೆ ಸಿಕ್ಕಾಗ ಏನು ಮಾಡಬೇಕು? ಹೆಚ್ಚಿನ ಸಲ ಏನೂ ಮಾಡಬಾರದು. ಇಂಗ್ಲೆಂಡಿನಲ್ಲಿ ನಿಜವಾದ ನ್ಯೂಟ್ ಕಲ್ಲಿನ ಕೆಳಗೆ ಸಿಕ್ಕರೂ ಬಲ್ಲವರು ಕೊಡುವ ಸಲಹೆ ಇದೇ: ಕಲ್ಲನ್ನು ಮೆಲ್ಲಗೆ ಇದ್ದ ಹಾಗೇ ಇಡಿ. ಜನ ಅಯ್ಯೋ ನೀರಿನ ಪ್ರಾಣಿ ಒಣಗುತ್ತಿದೆ ಅಂತ ಎತ್ತಿ ಕೊಳಕ್ಕೆ ಹಾಕುತ್ತಾರಂತೆ. ಮರಿ ಮಾಡುವ ಕಾಲ ಬಿಟ್ಟರೆ ಅವು ನೆಲದ ಮೇಲೆಯೇ ಇರುತ್ತವೆ ಅಂತ ಅವರಿಗೆ ಗೊತ್ತಿಲ್ಲ. ಅಲ್ಲಿಯ ಅಪ್ಪಂದಿರೂ ನಮ್ಮ ಹುಡುಗಿಯ ಹಾಗೇ.

ಹಾವುರಾಣಿ ಮನೆಯೊಳಗೆ ಬಂದರೆ ಒಂದು ಡಬ್ಬ ಬೋರಲು ಹಾಕಿ, ಕೆಳಗೆ ರಟ್ಟು ತೂರಿಸಿ, ಹೊರಗೆ ಒಯ್ದು ಅದೇ ಹಿತ್ತಲಿನ ಕಲ್ಲು ಸಂದಿಯ ಹತ್ತಿರ ಬಿಡಿ. ದೂರದ ಕಾಡಿಗೆ ಒಯ್ಯಬೇಡಿ. ಬಂಡೀಪುರ ಪಕ್ಕದಲ್ಲೇ ಇದೆ, ಅಲ್ಲಿ ಸುಖವಾಗಿರುತ್ತದೆ ಅಂತ ಅನ್ನಿಸುತ್ತದೆ. ಅದಕ್ಕೆ ತನ್ನ ಬಿಲ, ತನ್ನ ಕಲ್ಲು, ತನ್ನ ಬಿಸಿಲು ಎಲ್ಲಿ ಅಂತ ಗೊತ್ತಿರುವುದು ನಿಮ್ಮ ಹಿತ್ತಲಿನಲ್ಲಿ. ಇಲಿಗೆ ಇಡುವ ಅಂಟು ಹಲಗೆಯಲ್ಲಿ ಸಿಕ್ಕಿಕೊಂಡರೆ ಎಳೆಯಬೇಡಿ, ಚರ್ಮ ಕಿತ್ತು ಬರುತ್ತದೆ. ಅಡುಗೆ ಎಣ್ಣೆಯನ್ನು ಹನಿ ಹನಿಯಾಗಿ ಅಂಟಿನ ಮೇಲೆ ಬಿಟ್ಟು ನಿಧಾನವಾಗಿ ಬಿಡಿಸಿ. ಆ ಹಲಗೆಯನ್ನೇ ಇಡದಿದ್ದರೆ ಇನ್ನೂ ಒಳ್ಳೆಯದು. ಮಣ್ಣು ಅಗೆಯುವಾಗ ಸಣ್ಣ ಬಿಳಿ ಮೊಟ್ಟೆ ಕಂಡರೆ ತಿರುಗಿಸಬೇಡಿ. ಕೋಳಿ ಮೊಟ್ಟೆಯ ಹಾಗಲ್ಲ, ಒಳಗಿನ ಭ್ರೂಣ ಒಂದು ಕಡೆಗೆ ಅಂಟಿಕೊಂಡಿರುತ್ತದೆ, ಮೇಲೆ ಕೆಳಗಾದರೆ ಸಾಯುತ್ತದೆ. ಇದ್ದ ಹಾಗೆ ಮಣ್ಣು ಮುಚ್ಚಿ. ಇಂಥ ಯಾವುದನ್ನು ಮುಟ್ಟಿದರೂ ಸೋಪು ಹಾಕಿ ಕೈ ತೊಳೆಯಿರಿ. ಹಲ್ಲಿ, ಆಮೆಗಳ ಮೈ ಮೇಲೆ ಹೊಟ್ಟೆ ಕೆಡಿಸುವ ರೋಗಾಣುಗಳು ಇರುತ್ತವೆ.

ಇನ್ನು ನಾನು ನಿಜವಾಗಿ ಕೇಳಿಕೊಳ್ಳಬೇಕು ಅಂತ ಬಂದಿರುವ ವಿಷಯ ಕೃಷಿ ಹೊಂಡ. 2014ರ ಕೃಷಿ ಭಾಗ್ಯ ಯೋಜನೆಯಿಂದ ಈಚೆಗೆ ನಮ್ಮ ಕಡೆಯ ಹೊಲಗಳಲ್ಲಿ ಎಷ್ಟೋ ಹೊಂಡಗಳಾಗಿವೆ. ಘಟ್ಟದ ಮರೆಯಲ್ಲಿರುವ, ಮಳೆ ಕಡಿಮೆ ಬೀಳುವ ನಮ್ಮ ತಾಲ್ಲೂಕಿಗೆ ಅದು ಬೇಕೇ ಬೇಕು, ನನಗೆ ಅದರಲ್ಲಿ ಎರಡು ಮಾತಿಲ್ಲ. ನೀರು ಇಂಗದಿರಲಿ ಅಂತ ಅದಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ನೀರು ಕುಡಿಯಲು ಹೋದ ಹಾವುರಾಣಿ, ಓತಿಕ್ಯಾತ, ಉಡದ ಮರಿ ಒಂದು ಸಲ ಜಾರಿದರೆ ಮುಗಿಯಿತು. ಹಾಳೆಯ ಮೇಲೆ ಉಗುರು ನಿಲ್ಲುವುದಿಲ್ಲ. ಹೋದ ಬೇಸಿಗೆಯಲ್ಲಿ ನಮ್ಮ ಹೊಲದ ಪಕ್ಕದ ಹೊಂಡವೊಂದರಲ್ಲಿ ಎರಡು ಹಾವುರಾಣಿ, ಒಂದು ಗೋಸುಂಬೆ ತೇಲುತ್ತಿದ್ದವು. ನಾನೇ ಕೋಲಿನಿಂದ ತೆಗೆದು ಹಾಕಿದೆ. ಜಾರುವ ಹಾಳೆ ನಾಯಿ ಮರಿಗೂ ಅದೇ, ಕರುವಿಗೂ ಅದೇ, ಈಜು ಬಾರದ ಮಗುವಿಗೂ ಅದೇ. ಹೊಂಡದಲ್ಲಿ ಮಕ್ಕಳು ಬಿದ್ದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಎಲ್ಲಿಂದಾದರೂ ಬರುತ್ತದೆ.

ಪರಿಹಾರಕ್ಕೆ ಬಿಇ ಓದಬೇಕಾಗಿಲ್ಲ. ಹೊಂಡದ ಒಂದೊಂದು ಬದಿಗೆ ಒಂದೊಂದು ದಪ್ಪ ತೆಂಗಿನ ನಾರಿನ ಹಗ್ಗ, ನಡು ನಡುವೆ ಗಂಟು ಹಾಕಿ, ಮೇಲೆ ಗೂಟಕ್ಕೆ ಬಿಗಿದು, ನೀರಿನ ತಳದವರೆಗೆ ಇಳಿಬಿಡಿ. ಅದರ ಜೊತೆಗೆ ಹಳೆಯ ಗೋಣಿತಾಟನ್ನು ಉದ್ದಕ್ಕೆ ಹೊಲಿದು ಒಂದು ಮೂಲೆಯಲ್ಲಿ ಹಾಸಿ. ಹಗ್ಗ ಮಗುವಿನ ಕೈಗೆ, ಗೋಣಿ ಹಾವುರಾಣಿಯ ಉಗುರಿಗೆ. ಬೇಲಿ ಹಾಕಿದವರೂ ಹಗ್ಗ ಬಿಡಿ, ಬೇಲಿಯ ಸಂದಿಯಲ್ಲಿ ಸಣ್ಣವು ನುಸುಳುತ್ತವೆ. ಮನೆಯ ಸಿಮೆಂಟ್ ತೊಟ್ಟಿಗೆ ಒಂದು ಒರಟು ಹಲಗೆ ಓರೆಯಾಗಿ ಇಟ್ಟರೆ ಸಾಕು.

ನಕ್ಷತ್ರ ಆಮೆಯ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿಯೂ ಬಕೆಟ್ಟಿನ ಕಥೆಯೇ. ನಮ್ಮ ಕುರುಚಲು ಕಾಡಿನ ಅಂಚಿನಲ್ಲಿ, ಮೊದಲ ಮಳೆಗೆ ಹೊಲಕ್ಕೆ ಬರುತ್ತದೆ. ಬೆನ್ನಿನ ಮೇಲೆ ಹಳದಿ ನಕ್ಷತ್ರಗಳು. ನಾನು ಬೆಂಗಳೂರಿನಲ್ಲಿ ಬಾಡಿಗೆಗಿದ್ದ ಕಡೆ ಮೇಲಿನ ಮಹಡಿಯವರು ಅದೃಷ್ಟ ಬರುತ್ತದೆ ಅಂತ ಒಂದನ್ನು ಮೀನಿನ ತೊಟ್ಟಿಯಲ್ಲಿ ಇಟ್ಟಿದ್ದರು. ಆಮೆ ಅಂದರೆ ನೀರು ಅಂತ ಲೆಕ್ಕ. ಅದು ಒಣ ನೆಲದ ಆಮೆ, ಹುಲ್ಲು ಸೊಪ್ಪು ತಿಂದು ಬದುಕುವಂಥದ್ದು. ಆಳದ ನೀರಿನಲ್ಲಿ ಮುಳುಗಿ ಸಾಯುತ್ತದೆ, ಬಿಸಿಲಿಲ್ಲದಿದ್ದರೆ ಚಿಪ್ಪು ಮೆದುವಾಗುತ್ತದೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ, ಉಡವನ್ನು ಹಿಡಿಯುವುದು ಕೂಡ. ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರವನ್ನು 2019ರಲ್ಲಿ ಜಗತ್ತಿನ ದೇಶಗಳೆಲ್ಲ ಕೂಡಿ ನಿಷೇಧಿಸಿವೆ. ಆದರೂ ಕಳ್ಳಸಾಗಣೆ ನಿಂತಿಲ್ಲ, ವಿಮಾನ ನಿಲ್ದಾಣಗಳಲ್ಲಿ ಸೂಟ್‌ಕೇಸಿನಲ್ಲಿ ತುಂಬಿದ ಆಮೆಗಳು ಸಿಕ್ಕಿಬೀಳುತ್ತಲೇ ಇವೆ. ಆದ್ದರಿಂದ ಆಮೆ ಕಂಡರೆ ಫೋಟೊ ತೆಗೆಯಿರಿ, ಯಾವ ಹೊಲ ಅಂತ ಮಾತ್ರ ವಾಟ್ಸ್‌ಆ್ಯಪ್‌ನಲ್ಲಿ ಹಾಕಬೇಡಿ. ಗಾಯಗೊಂಡ ಯಾವುದೇ ಕಾಡುಪ್ರಾಣಿ ಸಿಕ್ಕರೆ ಅರಣ್ಯ ಇಲಾಖೆಯ ಸಹಾಯವಾಣಿ 1926.

ನಮ್ಮ ಜಿಲ್ಲೆಯಲ್ಲಿ ಕಾಡು ಅಂದರೆ ಹುಲಿ, ಆನೆ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತರಲ್ಲಿ ಬಂಡೀಪುರವೂ ಒಂದು ಅಂತ ನಾವು ಎದೆ ತಟ್ಟಿ ಹೇಳುತ್ತೇವೆ. ಊಟಿ ರಸ್ತೆಯಲ್ಲೂ ವಯನಾಡು ರಸ್ತೆಯಲ್ಲೂ ರಾತ್ರಿ ಸಂಚಾರ ನಿಲ್ಲಿಸಿದ್ದನ್ನು ಆನೆಗಾಗಿ ಅಂದುಕೊಂಡಿದ್ದೇವೆ. ಮಳೆಯ ರಾತ್ರಿ ರಸ್ತೆ ದಾಟುವ ಕಪ್ಪೆಗಳಿಗೂ ಅದರಿಂದ ಜೀವ ಉಳಿದಿದೆ ಅನ್ನುವುದನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ. ಹೇಳಬೇಕಾಗಿತ್ತು.

ಕೊನೆಗೆ ನನ್ನ ಕಸುಬಿಗೆ ಮತ್ತೆ ಬರುತ್ತೇನೆ. ಯಂತ್ರ ತಪ್ಪು ಹೇಳಿತು ಅಂತ ಬೈದು ಸುಮ್ಮನಾಗಲು ನನಗೆ ಮನಸ್ಸಿಲ್ಲ, ಅದು ನಮ್ಮಿಂದಲೂ ಕಲಿಯಬೇಕು. ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅನ್ನುವ ತಾಣಗಳಿವೆ. ಅಲ್ಲಿ ದಿನಾಂಕ, ಜಾಗದ ಸಮೇತ ಫೋಟೊ ಹಾಕಿದರೆ ತಿಳಿದವರು ನೋಡಿ ಹೆಸರು ಖಚಿತ ಮಾಡುತ್ತಾರೆ. ಹೀಗೆ ಖಚಿತವಾದ ಫೋಟೊಗಳಿಂದಲೇ ನಾಳೆಯ ಆ್ಯಪ್ ಕಲಿಯುವುದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಅದರ ಕೈಯಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಊರಿನ ಗಿಡ, ಪ್ರಾಣಿ, ಅವುಗಳ ಸ್ಥಳೀಯ ಹೆಸರು, ಬಳಕೆ ಎಲ್ಲ ಅದರಲ್ಲಿ ಬರೆಯಬೇಕು. ಪಂಚಾಯಿತಿಯ ಸದಸ್ಯರು ಇಲ್ಲಿದ್ದಾರೆ, ನಮ್ಮೂರಿನ ದಾಖಲಾತಿಯನ್ನು ಒಂದು ದಿನ ಶಾಲೆಗೆ ತಂದು ಮಕ್ಕಳಿಗೆ ತೋರಿಸಿ ಅಂತ ಕೇಳುತ್ತೇನೆ. ಅದರಲ್ಲಿ ಹಾವುರಾಣಿ ಇದೆಯೋ ಇಲ್ಲವೋ ಅವರೇ ನೋಡಲಿ.

ಹೆಸರುಗಳು ಮಾತ್ರ ಅಜ್ಜಿಯರ ಹತ್ತಿರ ಇವೆ. ಈ ಭಾಷಣ ತಯಾರಿಸುವಾಗ ನನ್ನ ಅವ್ವನನ್ನು ಕೂರಿಸಿಕೊಂಡು ಫೋಟೊ ತೋರಿಸಿದೆ. ನಾನು ‘ಹಲ್ಲಿ’ ಅಂತ ಒಂದೇ ಪದದಲ್ಲಿ ಮುಗಿಸುತ್ತಿದ್ದದ್ದನ್ನು ಅವರು ಗೋಡೆಯದ್ದು, ಬಂಡೆಯದ್ದು, ಮರದ್ದು ಅಂತ ಬೇರೆ ಬೇರೆ ಮಾಡಿ ಹೇಳಿದರು. ಯಾವುದು ಬೆಳಿಗ್ಗೆ ಬರುತ್ತದೆ, ಯಾವುದು ದೀಪ ಹಚ್ಚಿದ ಮೇಲೆ ಅನ್ನುವುದೂ ಗೊತ್ತು. ವಿಷದ ವಿಷಯದಲ್ಲಿ ಅವರೊಂದಿಗೆ ನನ್ನ ಜಗಳ ಇನ್ನೂ ಮುಗಿದಿಲ್ಲ, ಅದು ಬೇರೆ ಮಾತು.

ನಮ್ಮ ಬ್ಯಾಚಿನ ಗೆಳೆಯರು ಸೇರಿ ವಿಜ್ಞಾನ ಪ್ರಯೋಗಾಲಯಕ್ಕೆ ಒಂದು ದಪ್ಪ ನೋಟ್‌ಬುಕ್, ಒಂದು ಹಳೆಯ ಫೋನು ಕೊಟ್ಟಿದ್ದೇವೆ. ಫೋನಿನಲ್ಲಿ ಸಿಮ್ ಇಲ್ಲ, ಕ್ಯಾಮೆರಾ ಚೆನ್ನಾಗಿದೆ, ಲೊಕೇಶನ್ ಆನ್ ಮಾಡಿಟ್ಟಿದ್ದೇನೆ. ನೋಟ್‌ಬುಕ್ಕಿನಲ್ಲಿ ಐದು ಮನೆ ಗೆರೆ ಹಾಕಿದೆ: ದಿನ, ಜಾಗ, ಮನೆಯವರು ಹೇಳುವ ಹೆಸರು, ಏನು ಮಾಡುತ್ತಿತ್ತು, ಮುಂಗಾಲಿನಲ್ಲಿ ಎಷ್ಟು ಬೆರಳು. ಮೊದಲ ಸಾಲನ್ನು ಆ ಒಂಬತ್ತನೇ ತರಗತಿಯ ಹುಡುಗಿ ನಿನ್ನೆಯೇ ತುಂಬಿದ್ದಾಳೆ. ಹಗ್ಗದ ಸುರುಳಿ ಹತ್ತು ತಂದಿದ್ದೇನೆ, ಹೊರಗೆ ಬೇವಿನ ಮರದ ಕೆಳಗೆ ಕಾರಿನಲ್ಲಿವೆ. ಹೊಂಡ ಇರುವವರು ಊಟಕ್ಕೆ ಹೋಗುವ ಮೊದಲು ಒಂದೊಂದು ತೆಗೆದುಕೊಂಡು ಹೋಗಿ.